ಚೋಕ್ ಎಳೆದ ಬೆಳಗುಗಳು

ಅಂಬಾಸಡರ್ ಕಾರನ್ನು ಹೊರಡಿಸುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಹಾಸನದ ಕಡೆಯ ಮಾಗಿ ಚಳಿಯಲ್ಲಿ, ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ಬೆಳಗಿನಲ್ಲಂತೂ ಅದು ಇಡೀ ಮನೆಯ ಕೆಲಸ. ದೊಡ್ಡವರೊಬ್ಬರು ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ತುಂಬುತ್ತಿದ್ದರು. ಇನ್ನೊಬ್ಬರು ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು ಗೆರೆ ನೋಡುತ್ತಿದ್ದರು. ಗಾಜಿನ ಮೇಲೆ ಕೂತ ಇಬ್ಬನಿ ಒರೆಸುವುದು ಹುಡುಗಿಯರ ಪಾಲು. ಹಿಂದಿನ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೇಳಿದಾಗ ಮಾತ್ರ ಎಳೆಯಬೇಕಾದ ಜವಾಬ್ದಾರಿ ಹುಡುಗರದು. ಹ್ಯಾಂಡ್‌ಬ್ರೇಕನ್ನು ಪೂರ್ತಿ ನಂಬುವವರು ಆಗ ಕಡಿಮೆ, ಕಲ್ಲನ್ನು ನಂಬುವವರೇ ಹೆಚ್ಚು. ನಮ್ಮ ಚಿಕ್ಕಪ್ಪ ಸ್ಟೀರಿಂಗ್ ಮುಂದೆ ಕೂತು "ಎಲ್ಲ ಆಯ್ತೇನ್ರೋ?" ಅಂತ ಕೇಳಿ, ಎಲ್ಲ ಕಡೆಯಿಂದ "ಹ್ಞೂ" ಬಂದ ಮೇಲೆಯೇ ಕೀ ತಿರುಗಿಸುತ್ತಿದ್ದದ್ದು.

ಆ ಕೀಗಳ ಜಾಗ ನಡುಮನೆಯ ಗೋಡೆಯ ಮೊಳೆ. ಬಾಗಿಲಿಗೊಂದು, ಇಗ್ನಿಷನ್ನಿಗೊಂದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೊಂದು. ಎಲ್ಲವನ್ನೂ ಒಂದೇ ಬಳೆಗೆ ಪೋಣಿಸಿ, ಜೊತೆಗೆ ದೇವರ ಚಿತ್ರದ ಒಂದು ಬಿಲ್ಲೆ. ಯಾವ ಕೀ ಯಾವುದಕ್ಕೆ ಅನ್ನುವುದು ಅಜ್ಜಿಗೂ ಗೊತ್ತಿತ್ತು. ಅವರು ಕಾರು ಓಡಿಸಿದವರಲ್ಲ. ಆದರೂ ಕತ್ತಲಲ್ಲಿ ಬರೀ ಬೆರಳಲ್ಲಿ ಸವರಿ, "ಇದು ಟ್ಯಾಂಕಿಂದು, ಹಲ್ಲು ಸವೆದಿದೆ, ಮೆತ್ತಗೆ ತಿರುಗ್ಸು" ಅಂತ ಹೇಳಿ ಕೊಡುತ್ತಿದ್ದರು.

ಇನ್ನು ಚೋಕ್. ಡ್ಯಾಶ್‌ಬೋರ್ಡಿನಲ್ಲಿದ್ದ ಸಣ್ಣ ಗುಬುಟು ಅದು. ಈಗಿನ ಮಕ್ಕಳಿಗೆ ಅದನ್ನು ತೋರಿಸಲು ಹಳೆಯ ಕಾರನ್ನೇ ಹುಡುಕಬೇಕು. ಗುಬುಟು ಎಳೆದರೆ ಒಂದು ತಂತಿ ಕಾರ್ಬ್ಯುರೇಟರಿನಲ್ಲಿ ಗಾಳಿ ಹೋಗುವ ಬಾಯನ್ನು ಕಿರಿದು ಮಾಡುತ್ತಿತ್ತು. ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತಿತ್ತು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಮೊದಲ ಕಿಡಿ ಹತ್ತಲು ಈ ದಟ್ಟ ಮಿಶ್ರಣ ಬೇಕು. ಪೂರ್ತಿ ಎಳೆಯಬೇಕೋ ಅರ್ಧಕ್ಕೆ ಸಾಕೋ, ಎಷ್ಟು ಹೊತ್ತಿಗೆ ಒಳಗೆ ತಳ್ಳಬೇಕು ಅನ್ನುವುದೆಲ್ಲ ಕಿವಿಯ ಲೆಕ್ಕ. ಎಂಜಿನ್ ಒಮ್ಮೆ ಹಿಡಿದು, ಗುಡುಗುಡು ಅಂದು, ಮೆಲ್ಲಗೆ ಸಮಕ್ಕೆ ಬಂದಾಗ ಚಿಕ್ಕಪ್ಪನ ಕೈ ತಾನಾಗಿ ಚೋಕಿನ ಕಡೆ ಹೋಗುತ್ತಿತ್ತು. ಒಂದೆರಡು ಸಲ ಸೆಲ್ಫ್ (ಎಂಜಿನ್ ತಿರುಗಿಸುವ ವಿದ್ಯುತ್ ಸ್ಟಾರ್ಟರ್) ಹೊಡೆದೂ ಹಿಡಿಯದೆ ಪೆಟ್ರೋಲ್ ವಾಸನೆ ಬಂತೋ, ಅಂಗಳದಲ್ಲಿ ನಿಂತವರೇ ಕೂಗುತ್ತಿದ್ದರು: "ಓವರ್‌ಫ್ಲೋ ಆಯ್ತು, ಚೋಕ್ ಒಳಗ್ ತಳ್ಳು!" ಆಮೇಲೆ ಚೋಕ್ ಬಿಟ್ಟು, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಬೇಕು. ಗಾಳಿ ಒಳಕ್ಕೆ ನುಗ್ಗಿ ಪ್ಲಗ್ಗು ಒಣಗುತ್ತದೆ. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಿ ಒರೆಸುವುದು, ಎಮರಿ ಕಾಗದದಲ್ಲಿ ಪಾಯಿಂಟ್ ಉಜ್ಜುವುದು. ಆ ಪ್ಲಗ್ಗುಗಳ ಮೇಲೆ ಬಹಳಷ್ಟು ಸಲ ಇರುತ್ತಿದ್ದದ್ದು ನಮ್ಮ ಬೆಂಗಳೂರಿನ ಮೈಕೋ ಹೆಸರು. 1951ರಲ್ಲಿ ಶುರುವಾದ ಆ ಕಂಪನಿ ಈಗ ಬಾಷ್ ಆಗಿದೆ, ಆದರೆ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋನೇ.

ಬ್ಯಾಟರಿ ಕೈಕೊಟ್ಟ ದಿನ ಡಿಕ್ಕಿಯಿಂದ ಹ್ಯಾಂಡಲ್ ಹೊರಬರುತ್ತಿತ್ತು. ಬಂಪರಿನ ಸಂದಿಯಲ್ಲಿ ತೂರಿಸಿ, ಎಂಜಿನ್ನಿಗೆ ಕಚ್ಚಿಸಿ ತಿರುಗಿಸುವ ಕಬ್ಬಿಣದ ಸರಳು ಅದು. ಇದರಲ್ಲಿ ಚಿಕ್ಕಪ್ಪ ಬಹಳ ಕಟ್ಟುನಿಟ್ಟು. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಕಡೆಯೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಕೂಡದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಕೂಡದು. ಎಂಜಿನ್ ತಿರುಗಿ ಹೊಡೆದರೆ ಕೈಯ ಮೂಳೆ ಮುರಿಯುತ್ತದೆ. ಕಾರುಗಳ ಮೊದಲ ಕಾಲದಲ್ಲಿ ಲೋಕದಲ್ಲೆಲ್ಲ ಹಾಗೆ ಕೈ ಮುರಿದುಕೊಂಡವರಿದ್ದರು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಭಯ ಇಳಿಯಿತು. ತೋಳಿನಲ್ಲಿ ಬಲವಿದ್ದ ಗಂಡಸರೇ ಹೆಚ್ಚಾಗಿ ಹೊರಡಿಸುತ್ತಿದ್ದ ಕಾರನ್ನು ಹೆಂಗಸರೂ ಮುದುಕರೂ ಸುಲಭವಾಗಿ ಹೊರಡಿಸುವಂತಾದದ್ದು ಅದರಿಂದ. ಕಾರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ನನಗೆ ಕಾಣುವುದಿಲ್ಲ.

ನಮ್ಮೂರಿನಲ್ಲಿ ಮಾತ್ರ ಸೆಲ್ಫೂ ಹ್ಯಾಂಡಲೂ ಎರಡೂ ಸೋತ ಮೇಲೆ ಮೂರನೆಯ ದಾರಿ ಒಂದಿತ್ತು. ತಳ್ಳುವುದು. ಕೀ ಆನ್, ಎರಡನೇ ಗೇರ್, ಕ್ಲಚ್ ಒಳಗೆ. ಬೀದಿಯಲ್ಲಿ ಹೋಗುತ್ತಿದ್ದವರು ಕರೆಯದೆಯೇ ಬಂದು ಕೈ ಕೊಡುತ್ತಿದ್ದರು. ಹಾಲಿನವರು ಕ್ಯಾನ್ ಕೆಳಗಿಟ್ಟು ತಳ್ಳಿದ್ದಾರೆ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ತಳ್ಳಿದ್ದಾರೆ. ಕಾರು ಸ್ವಲ್ಪ ವೇಗ ಹಿಡಿದಾಗ ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತಿದ್ದವು. ಸಂಜೆ ಕಾರನ್ನು ಇಳಿಜಾರು ನೋಡಿ ನಿಲ್ಲಿಸುವ ರೂಢಿ ಬಂದದ್ದೇ ಇದಕ್ಕೆ. ಬೇರೆಯವರ ಮನೆಗೆ ನೆಂಟರಾಗಿ ಹೋದರೂ ಚಿಕ್ಕಪ್ಪನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಇಳಿಜಾರನ್ನು.

ಒಳಗೆ ಕೂತ ಮೇಲಿನ ಸುಖವೇ ಬೇರೆ. ಮುಂದಿನ ಸೀಟು ಹಾಸಿಗೆಯಂತೆ ಉದ್ದಕ್ಕೆ ಒಂದೇ. ಗೇರ್ ಕೆಳಗಲ್ಲ, ಸ್ಟೀರಿಂಗ್ ಕಂಬದಲ್ಲಿ. ಆದ್ದರಿಂದ ಡ್ರೈವರ್ ಪಕ್ಕದಲ್ಲಿ ಇನ್ನಿಬ್ಬರು, ಅವರ ತೊಡೆಯ ಮೇಲೆ ಒಂದೆರಡು ಮಕ್ಕಳು. ಕಿಟಕಿಯ ಮುಂದಿನ ಮೂಲೆಯಲ್ಲಿ ಮುಕ್ಕೋನದ ಪುಟ್ಟ ಗಾಜು. ಅದನ್ನು ಓರೆಯಾಗಿ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ವಾಂತಿ ಬರುವ ಮಕ್ಕಳಿಗೆ ಆ ಜಾಗ ಕಾಯಂ. ದೊಡ್ಡ ಗಾಜನ್ನು ಇಳಿಸಲು ಹಿಡಿ ತಿರುಗಿಸಬೇಕು. ಒಂದು ಕಡೆಯ ಹಿಡಿ ಮುರಿದರೆ ಇನ್ನೊಂದು ಕಡೆಯದನ್ನು ಕಿತ್ತು ಹಾಕಿ, ಗಾಜು ಇಳಿಸಿ, ಮತ್ತೆ ಅಲ್ಲಿಗೇ ಸಿಕ್ಕಿಸಿ ಕಾಲ ಹಾಕಿದ ಮನೆಗಳು ಎಷ್ಟೋ.

ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಕಾಲಿನ ಡಿಮ್ಮರ್. ಕ್ಲಚ್ಚಿನ ಎಡಕ್ಕೆ, ನೆಲದಲ್ಲೇ ಒಂದು ಗುಂಡಿ. ಎಡಗಾಲಿನಲ್ಲಿ ಒತ್ತಿದರೆ ಟಕ್ ಅಂತ ಡಿಮ್, ಇನ್ನೊಮ್ಮೆ ಒತ್ತಿದರೆ ಬ್ರೈಟ್. ರಾತ್ರಿ ಶಿರಾಡಿ ಘಾಟಿಯಲ್ಲಿ ಎದುರಿನಿಂದ ಲಾರಿ ಬೆಳಕು ಕಂಡ ಕೂಡಲೇ ಟಕ್. ಆ ಲಾರಿಯೂ ಡಿಮ್ ಮಾಡುತ್ತಿತ್ತು. ಪಕ್ಕದಲ್ಲಿ ಹಾದುಹೋದ ಮೇಲೆ ಮತ್ತೆ ಟಕ್. ಹಿಂದಿನ ಸೀಟಿನಲ್ಲಿ ಅರೆನಿದ್ದೆಯಲ್ಲಿದ್ದ ನಾವು ಆ ಸದ್ದಿನಿಂದಲೇ ಒಂದು ಗಾಡಿ ಬಂದು ಹೋಯಿತು ಅಂತ ತಿಳಿಯುತ್ತಿದ್ದೆವು. ಮುಖ ಕಾಣದ ಇಬ್ಬರು ಡ್ರೈವರ್‌ಗಳ ನಡುವಿನ ಮರ್ಯಾದೆ ಅದು. ಇವತ್ತು ಬೆರಳ ತುದಿಯಲ್ಲೇ ಕಡ್ಡಿ ಇದೆ, ಕೆಲವು ಕಾರುಗಳಲ್ಲಂತೂ ಬೆಳಕು ತಾನೇ ತಗ್ಗುತ್ತದೆ. ಆದರೂ ಕಣ್ಣಿಗೆ ರಾಚುವ ಬ್ರೈಟ್ ಲೈಟನ್ನು ಹಾಗೇ ಬಿಟ್ಟುಕೊಂಡು ಬರುವವರು ಹೆಚ್ಚಾಗಿದ್ದಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದೇ ಘಾಟಿಯನ್ನು ಗುಂಡ್ಯದ ಕಡೆಯಿಂದ ಸಕಲೇಶಪುರಕ್ಕೆ ಹತ್ತುವಾಗ ರೇಡಿಯೇಟರ್ ಕುದಿಯುತ್ತಿತ್ತು. ನಿಲ್ಲಿಸಿ, ಕೆಂಪುಹೊಳೆಯ ನೀರು ತಂದು, ಮುಚ್ಚಳದ ಬಿಸಿ ಇಳಿಯುವವರೆಗೆ ಕಾಯಬೇಕು. ಕೊಳವೆಯಲ್ಲಿ ಪೆಟ್ರೋಲೇ ಆವಿಯಾಗಿ ಕಟ್ಟಿಕೊಂಡರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಆ ಬಿಡುವಿನಲ್ಲಿ ಬುತ್ತಿ ಬಿಚ್ಚುತ್ತಿತ್ತು, ಚಿತ್ರಾನ್ನ ಹಂಚಿಕೆಯಾಗುತ್ತಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಯನ್ನು ಅದರ ಒಡೆಯರ ಕೈಗಿಟ್ಟರು. ನಮ್ಮ ಬೀದಿಗೆ ಅದು ಬರಲು ಕೆಲವು ವರ್ಷ ಬೇಕಾಯಿತು. ಬಂದ ಮೇಲೆ ಎಲ್ಲವೂ ಹಗುರವಾಯಿತು. ಬಾಗಿಲು ಹಗುರ, ಸ್ಟೀರಿಂಗ್ ಹಗುರ. ಚೋಕ್ ಇನ್ನೂ ಇತ್ತು, ಆದರೆ ಹ್ಯಾಂಡಲ್ ಇಲ್ಲ. ಅಂಬಾಸಡರಿನಲ್ಲಿ ಹಿಂದೆ ಕೂತು ಬರೀ ತಿಂಡಿ ಕಟ್ಟಿಕೊಂಡು ಬರುತ್ತಿದ್ದ ನಮ್ಮ ಅತ್ತೆ ಕಾರು ಕಲಿತದ್ದು ಮಾರುತಿಯಲ್ಲಿ. ಅವರೇ ಮುಂದೆ ಕೂತು ಅಜ್ಜಿಯನ್ನು ಬೇಲೂರಿಗೆ ಕರೆದುಕೊಂಡು ಹೋದ ದಿನ ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು.

ಮಾರುತಿಯಲ್ಲಿ ಒಂದು ತೊಡಕಿತ್ತು. ಒಳಗಿನ ಲಾಕ್ ಒತ್ತಿ, ಹೊರಗಿನ ಹಿಡಿಯನ್ನು ಎತ್ತಿ ಹಿಡಿದು ಬಾಗಿಲು ಹಾಕಿದರೆ ಕೀ ಇಲ್ಲದೆಯೇ ಬೀಗ ಬೀಳುತ್ತಿತ್ತು. ಕೀ ಇಗ್ನಿಷನ್ನಿನಲ್ಲೇ ತೂಗುತ್ತ, ಕಾರಿನವರು ಹೊರಗೆ ನಿಂತಿರುವ ನೋಟ ಮದುವೆ ಮನೆಗಳ ಮುಂದೆ ಮಾಮೂಲು. ಆಗ ಯಾರದೋ ಮಗ ಶಾಲೆಯ ಚೀಲದಿಂದ ಸ್ಟೀಲಿನ ಸ್ಕೇಲ್ ತರುತ್ತಿದ್ದ. ಅದನ್ನು ಗಾಜಿನ ರಬ್ಬರ್ ಪಟ್ಟಿಯ ಪಕ್ಕ ಇಳಿಸಿ ತಡಕಾಡಿದರೆ ಲಾಕ್ ಏಳುತ್ತಿತ್ತು. ಅಂಥ ಬೀಗವನ್ನು ನೆಚ್ಚಿಕೊಂಡು ಊರೆಲ್ಲ ನಿಶ್ಚಿಂತೆಯಿಂದ ಮಲಗುತ್ತಿತ್ತು.

ತೊಂಬತ್ತರ ದಶಕದಲ್ಲಿ ಹೊಸ ಹುಮ್ಮಸ್ಸು. ಹೊಸ ಕಾರು ತಂದವರು ನೇರ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಸೆಂಟ್ರಲ್ ಲಾಕ್, ಪವರ್ ವಿಂಡೋ, ಸ್ಟೀರಿಯೋ ಹಾಕಿಸುತ್ತಿದ್ದರು. ಜೊತೆಗೆ ರಿವರ್ಸ್ ಹಾರ್ನ್. ಹಿಂದಕ್ಕೆ ಬರುವ ಪ್ರತಿ ಕಾರೂ ಒಂದು ಹಾಡು ಹೇಳುತ್ತಿತ್ತು, ಆ ಹಾಡಿನಿಂದಲೇ ಯಾರ ಮನೆಯ ಕಾರು ಅಂತ ಹೇಳಬಹುದಿತ್ತು. ರಿಮೋಟ್ ಬಂದಾಗಿನ ಸಂಭ್ರಮ ಮರೆಯಲಾಗದು. ದೂರದಿಂದ ಒತ್ತಿದರೆ ಕಾರು ಕುಂಯ್‌ ಕುಂಯ್‌ ಅಂತ ಉತ್ತರ ಕೊಟ್ಟು, ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಿತ್ತು. ನೆಂಟರ ಮಕ್ಕಳು "ಇನ್ನೊಂದ್ಸಲ ಮಾಮ, ಇನ್ನೊಂದ್ಸಲ" ಅಂತ ಕಾಡಿ ಮಾಡಿಸುತ್ತಿದ್ದರು. ಫ್ರಾನ್ಸಿನಲ್ಲಿ ರೆನೋ ಫ್ಯುಯೆಗೊ ಕಾರಿಗೆ ರಿಮೋಟ್ ಬೀಗ ಬಂದದ್ದು 1982ರಲ್ಲಿ. ನಮ್ಮ ಬೀದಿಯ ಮಕ್ಕಳಿಗೆ ಅದು ತಲುಪುವ ಹೊತ್ತಿಗೆ ಎಷ್ಟೋ ವರ್ಷಗಳು ಕಳೆದಿದ್ದವು.

ಮೊದಮೊದಲ ಎಷ್ಟೋ ರಿಮೋಟ್‌ಗಳು ಪ್ರತಿ ಸಲ ಒಂದೇ ಸಂಕೇತ ಕಳಿಸುತ್ತಿದ್ದವು. ಅದನ್ನು ಗಾಳಿಯಲ್ಲಿ ಹಿಡಿದಿಟ್ಟು ಮತ್ತೆ ಬಿಟ್ಟರೆ ಕಳ್ಳನಿಗೂ ಬಾಗಿಲು ತೆರೆಯುತ್ತಿತ್ತು. ಆಮೇಲೆ ಒತ್ತಿದಾಗಲೆಲ್ಲ ಬದಲಾಗುವ ಸಂಕೇತ ಬಂತು. ಕಾರೂ ರಿಮೋಟೂ ಒಂದೇ ಎಣಿಕೆಯಲ್ಲಿ ಮುಂದೆ ಸಾಗುತ್ತವೆ, ಒಮ್ಮೆ ಬಳಸಿದ್ದು ಮತ್ತೆ ನಡೆಯುವುದಿಲ್ಲ. ಕಾರಿನಿಂದ ದೂರ ಕೂತು ಮಗು ರಿಮೋಟನ್ನು ಲೆಕ್ಕವಿಲ್ಲದಷ್ಟು ಸಲ ಒತ್ತಿ ಆಡಿದರೆ ಆ ಎಣಿಕೆ ತಪ್ಪಿಹೋಗಿ ಕಾರು ಕೇಳದೆ ಹೋಗುವುದೂ ಉಂಟು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಕೂತದ್ದು ಇನ್ನೊಂದು ಹೆಜ್ಜೆ. ಇಗ್ನಿಷನ್ ಸುತ್ತ ಇರುವ ತಂತಿಸುರುಳಿ ಅದಕ್ಕೆ ಶಕ್ತಿ ಕೊಟ್ಟು ಗುರುತು ಕೇಳುತ್ತದೆ, ಗುರುತು ಸರಿಯಿದ್ದರಷ್ಟೇ ಎಂಜಿನ್ ಏಳುತ್ತದೆ. ಹಲ್ಲು ಎಷ್ಟೇ ಸರಿಯಾಗಿ ಕೊರೆದರೂ ಚಿಪ್ ಇಲ್ಲದ ನಕಲಿ ಕೀಗೆ ಎಂಜಿನ್ ಏಳುವುದಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಮರದ ಕೆಳಗೆ ಅರ ಹಿಡಿದು ಕೂತು, ಕಣ್ಣಳತೆಯಲ್ಲೇ ಕೀ ಮಾಡಿಕೊಡುತ್ತಿದ್ದವರ ಕೆಲಸಕ್ಕೆ ಪೆಟ್ಟು ಬಿದ್ದದ್ದು ಅಲ್ಲಿಂದ. ಕೀಯಂತೆ ಎಂಜಿನ್ನೂ ಬದಲಾಯಿತು. 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಗಿಯಾದ ಹೊಗೆ ನಿಯಮ ಬಂತು. ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಂತೆ ಚೋಕೂ ಹೋಯಿತು. 2014ರಲ್ಲಿ, ಜನವರಿಗೆ ಮಾರುತಿ 800, ಮೇ ತಿಂಗಳಿಗೆ ಅಂಬಾಸಡರ್, ಎರಡರ ತಯಾರಿಕೆಯೂ ನಿಂತಿತು.

ಹೋದದ್ದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಕುದಿಯುವ ರೇಡಿಯೇಟರ್, ಮುರಿಯುವ ಹಿಡಿ, ಸೀಟ್ ಬೆಲ್ಟಿಲ್ಲದೆ ತೊಡೆಯ ಮೇಲೆ ಕೂತ ಮಕ್ಕಳು, ಇವು ಮರಳಿ ಬರುವುದು ಬೇಡ. ಈಗ ಕೀ ಜೇಬಿನಲ್ಲಿದ್ದರೆ ಸಾಕು, ಬ್ರೇಕ್ ಒತ್ತಿ ಗುಂಡಿ ಅದುಮಿದರೆ ಎಂಜಿನ್ ಏಳುತ್ತದೆ. ಅದು ಒಳ್ಳೆಯದೇ. ನನಗೆ ಕಳೆದುಹೋದದ್ದು ಅನ್ನಿಸುವುದು ಒಂದೇ: ಕಾರಿನ ವಿಷಯ ಮನೆಯವರಿಗೆಲ್ಲ ತಿಳಿದಿರುತ್ತಿತ್ತು. ಓಡಿಸದ ಅಜ್ಜಿಗೂ ಟ್ಯಾಂಕಿನ ಕೀ ಗೊತ್ತಿತ್ತು, ಹತ್ತು ವರ್ಷದ ಹುಡುಗನಿಗೂ ಓವರ್‌ಫ್ಲೋ ಗೊತ್ತಿತ್ತು. ಈಗ ಓಡಿಸುವ ಒಬ್ಬರಿಗೆ ಗೊತ್ತು, ಅವರಿಗೂ ಪೂರ್ತಿ ಅಲ್ಲ. ಕಾರಿನ ಜೊತೆ ಬಂದ ಪುಸ್ತಕ ಕವರ್ ಬಿಚ್ಚದೆ ಡ್ಯಾಶ್‌ಬೋರ್ಡಿನೊಳಗೇ ಇರುತ್ತದೆ.

ಅದಕ್ಕೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮದು ಗುಂಡಿ ಒತ್ತುವ ಕಾರಾದರೆ, ಈ ಭಾನುವಾರ ಅದರ ಕೀಯನ್ನು ಮನೆಯವರ ಮುಂದೆ ಬಿಚ್ಚಿ ತೋರಿಸಿ. ಬಹಳಷ್ಟು ಸ್ಮಾರ್ಟ್ ಕೀಗಳ ಒಳಗೆ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ. ಸ್ಮಾರ್ಟ್ ಕೀಯ ಬ್ಯಾಟರಿ ಸತ್ತ ರಾತ್ರಿ ಬಾಗಿಲು ತೆರೆಯುವುದು ಅದರಿಂದಲೇ. ಬಾಗಿಲಿನಲ್ಲಿ ಅದರ ತೂತು ಕಾಣದಿದ್ದರೆ ಹಿಡಿಯ ಬಳಿಯ ಮುಚ್ಚಳದ ಹಿಂದೆ ನೋಡಿ. ಒಳಗೆ ಕೂತ ಮೇಲೆ ಸತ್ತ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಅನೇಕ ಕಾರುಗಳು ಹೊರಡುತ್ತವೆ. ಕೆಲವು ಕಾರುಗಳಲ್ಲಿ ಅದಕ್ಕೆ ಬೇರೆ ಜಾಗ ಇರುತ್ತದೆ, ಪುಸ್ತಕ ತೆಗೆದು ನೋಡಿ. ಸ್ಮಾರ್ಟ್ ಕೀಯನ್ನು ಮುಂಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಹೊರಗೆ ನಿಂತವರು ಅದರ ಸಂಕೇತವನ್ನು ಸೆಳೆದು ಕಾರಿನವರೆಗೆ ಸಾಗಿಸುವ ಉಪಾಯ ಕಳ್ಳರಿಗೆ ತಿಳಿದಿದೆ, ಒಳಕೋಣೆಯಲ್ಲಿ ಇಡಿ. ಮಗುವಿನ ಕೈಗೆ ಕೀ ಕೊಟ್ಟು ಕಾರಿನೊಳಗೆ ಒಂದು ಕ್ಷಣವೂ ಬಿಟ್ಟುಹೋಗಬೇಡಿ. ಇಷ್ಟನ್ನು ಹೆಂಡತಿ, ಗಂಡ, ಮಕ್ಕಳು, ಕಾರು ಓಡಿಸದ ಅಜ್ಜಿ, ಎಲ್ಲರಿಗೂ ಹೇಳಿಕೊಡಿ.