ತಕರಾರು, ತಕರೀರು ಮತ್ತು ಖಂಡನೆ

‘ಉಗ್ರವಾಗಿ ಖಂಡಿಸಿದ್ದಾರೆ’ ಎಂಬ ಸಾಲು ಕನ್ನಡ ಪತ್ರಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಯಾರನ್ನೋ ಯಾರೋ ಖಂಡಿಸಿರುತ್ತಾರೆ. ಹೇಳಿಕೆಯನ್ನು ಕೊನೆಯವರೆಗೆ ಓದಿದರೂ ಎದುರಿನವರು ಹೇಳಿದ್ದೇನು, ಅದರಲ್ಲಿ ತಪ್ಪಿದ್ದೆಲ್ಲಿ ಎಂಬುದು ಎಷ್ಟೋ ಸಲ ತಿಳಿಯುವುದಿಲ್ಲ. ತಿಳಿಯುವುದು ಖಂಡಿಸಿದವರ ಸಿಟ್ಟು ಮಾತ್ರ. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಇದೇ ಪದಕ್ಕೆ ಬೇರೆ ಕೆಲಸವಿತ್ತು. ಖಂಡನ ಎಂದರೆ ಮುರಿಯುವುದು. ಎದುರಾಳಿಯ ವಾದವನ್ನು ಕೈಗೆತ್ತಿಕೊಂಡು, ಅದು ಎಲ್ಲಿ ಬಿರುಕುಬಿಟ್ಟಿದೆ ಎಂದು ತೋರಿಸಿ, ಅಲ್ಲಿಗೇ ಪೆಟ್ಟು ಕೊಡುವುದು. ಪದ ಹಾಗೇ ಉಳಿದು ಅರ್ಥ ಜಾರಿದೆ. ಹೀಗೆ ಜಾರಿದ್ದರಿಂದ ಕಳೆದುಹೋದದ್ದೇನು ಎಂದು ತಿಳಿಯಲು ಪುಣೆ ಜಿಲ್ಲೆಯ ಒಂದು ಕಣಿವೆಯಿಂದ ಹೊರಡಬಹುದು.

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ನೀರಾ ನದಿಯ ದಂಡೆಯ ಮೇಲಿದೆ ಭೋರ್. 1948ರಲ್ಲಿ ವಿಲೀನವಾಗುವವರೆಗೆ ಇದು ಪಂತ ಸಚಿವ ಮನೆತನದ ಪುಟ್ಟ ಸಂಸ್ಥಾನದ ರಾಜಧಾನಿ. ಈ ಕಣಿವೆಗೆ ಹಳೆಯ ಕಾಗದಪತ್ರಗಳಲ್ಲಿರುವ ಹೆಸರು ರೋಹಿಡಖೋರೆ. ಪಕ್ಕದ ರೋಹಿಡಾ ಕೋಟೆಯಿಂದ ಬಂದದ್ದು. 17ನೆಯ ಶತಮಾನದಲ್ಲಿ ಇಲ್ಲಿ ಎರಡು ಮನೆತನಗಳ ನಡುವೆ ದೇಶಮುಖಿಗಾಗಿ ಹಗೆತನವಿತ್ತು: ಕಾರಿಯ ಜೇಧೆಯವರು, ಉತ್ರವಳಿಯ ಖೋಪಡೆಯವರು. ದೇಶಮುಖಿ ಎಂದರೆ ಉತ್ತರ ಕರ್ನಾಟಕದ ದೇಸಗತಿಯಂಥದ್ದೇ, ಕಂದಾಯ ವಸೂಲಿಯ ವಂಶಪಾರಂಪರ್ಯ ಹಕ್ಕು. ಅದರೊಂದಿಗೆ ಇನಾಮು ಜಮೀನು, ಊರಿನಲ್ಲಿ ಮೊದಲ ಮರ್ಯಾದೆ. ಆಗ ಈ ಸೀಮೆ ವಿಜಯಪುರದ ಆದಿಲಶಾಹಿಗೆ ಸೇರಿತ್ತು. 1659ರಲ್ಲಿ ಅಫ್ಜಲಖಾನನ ದಂಡಿಗೆ ಸೇರಿಕೊಳ್ಳಬೇಕೆಂದು ಕಾನ್ಹೋಜಿ ಜೇಧೆಗೆ ಫರ್ಮಾನು ಬಂದದ್ದು ವಿಜಯಪುರದಿಂದಲೇ. ಕಾನ್ಹೋಜಿ ಶಿವಾಜಿಯ ಜೊತೆ ನಿಂತ. ಖಂಡೋಜಿ ಖೋಪಡೆ ಖಾನನ ಕಡೆ ಹೋದ, ಆಮೇಲೆ ಕಠಿಣ ಶಿಕ್ಷೆಗೆ ಗುರಿಯಾದ. ಸೀಮೆಯ ಹಕ್ಕಿನ ಜಗಳ ರಾಜ್ಯಗಳ ಯುದ್ಧದೊಳಗೆ ಸೇರಿಹೋಗಿತ್ತು.

ಆದರೆ ವತನದ ಜಗಳಗಳೆಲ್ಲ ಕತ್ತಿಯಲ್ಲೇ ಮುಗಿಯುತ್ತಿರಲಿಲ್ಲ. ಮರಾಠಾ ಸೀಮೆಯಲ್ಲಿ ಅವನ್ನು ತೀರ್ಮಾನಿಸಲು ಸಭೆ ಸೇರುತ್ತಿತ್ತು. ಮಜಲಿಸ್ ಅಥವಾ ಗೋತಸಭೆ ಎಂದು ಅದರ ಹೆಸರು. ವಿ. ಟಿ. ಗುಣೆ ಅವರು ಪುಣೆಯ ಡೆಕ್ಕನ್ ಕಾಲೇಜಿನಿಂದ 1953ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಈ ವ್ಯವಸ್ಥೆಯನ್ನು ವಿವರವಾಗಿ ಚಿತ್ರಿಸಿದ್ದಾರೆ. ಮೊದಲು ಹೇಳುವವನು ಅಗ್ರವಾದಿ, ಆಮೇಲೆ ಹೇಳುವವನು ಪಶ್ಚಿಮವಾದಿ. ಇಬ್ಬರೂ ಮೊದಲು ರಾಜೀನಾಮೆ ಬರೆದುಕೊಡಬೇಕು. ಅಂದರೆ ಸಭೆಯ ತೀರ್ಪಿಗೆ ರಾಜಿ ಇದ್ದೇವೆ ಎಂಬ ಒಪ್ಪಿಗೆ. ಜಾಮೀನು ಕೊಡಬೇಕು. ಆಮೇಲೆ ಒಬ್ಬೊಬ್ಬರೂ ತಮ್ಮ ತಕರೀರು ಬರೆಸಬೇಕು. ಸಾಕ್ಷಿ, ಕಾಗದಪತ್ರ ಎಲ್ಲ ನೋಡಿ ಸಭೆ ಮಹಜರು ಬರೆಯುತ್ತಿತ್ತು. ಸೋತವನು ‘ಯೇಜಿತಖತ’ ಎಂಬ ಸೋಲಿನ ಪತ್ರ ಬರೆದುಕೊಡಬೇಕಿತ್ತು. ಮಾತು ಮತ್ತು ಕಾಗದದಿಂದ ಸತ್ಯ ಹೊರಬರದಿದ್ದಾಗ ಮಾತ್ರ ಕುದಿಯುವ ಎಣ್ಣೆಯಿಂದ ಲೋಹದ ತುಣುಕು ತೆಗೆಯುವಂಥ ದಿವ್ಯಕ್ಕೆ ಹೋಗುತ್ತಿದ್ದರು.

ಇಲ್ಲಿಯ ತಕರೀರು ಎಂಬ ಪದ ಗಮನಿಸಬೇಕಾದದ್ದು. ಕನ್ನಡದಲ್ಲೂ ಮರಾಠಿಯಲ್ಲೂ ಚೆನ್ನಾಗಿ ಬಳಕೆಯಲ್ಲಿರುವುದು ಅದರ ನೆರೆಯ ಪದ, ತಕರಾರು. ಎರಡೂ ಅರಬ್ಬಿಯಿಂದ ಫಾರಸಿ ಮೂಲಕ ಬಂದವು. ಕಿವಿಗೆ ಅಣ್ಣ-ತಮ್ಮಂದಿರ ಹಾಗೆ ಕೇಳಿಸಿದರೂ ಧಾತು ಬೇರೆ. ತಕರೀರಿನ ಧಾತುವಿನಲ್ಲಿ ನೆಲೆಗೊಳ್ಳುವುದು, ಸ್ಥಿರಪಡಿಸುವುದು ಎಂಬ ಅರ್ಥವಿದೆ. ಕರಾರು ಎಂಬ ಮಾತೂ ಅದೇ ಧಾತುವಿನದು. ತಕರಾರಿನ ಮೂಲ ಅರ್ಥ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಭಾರತಕ್ಕೆ ಬರುವ ದಾರಿಯಲ್ಲಿ ಆ ಪುನರಾವರ್ತನೆ ಜಗಳವಾಯಿತು, ಆಕ್ಷೇಪಣೆಯಾಯಿತು. ಇಬ್ಬರು ತಮ್ಮ ತಮ್ಮ ಮಾತನ್ನೇ ತಿರುತಿರುಗಿ ಹೇಳುತ್ತಿದ್ದರೆ ಅದು ಜಗಳವಲ್ಲದೆ ಮತ್ತೇನು?

ಪುನರಾವರ್ತನೆಯಿಂದ ವಾದ ಗೆಲ್ಲುವುದಿಲ್ಲ ಎಂಬುದನ್ನು ಭಾರತೀಯ ತರ್ಕಶಾಸ್ತ್ರ ನಿಯಮವಾಗಿಯೇ ಬರೆದಿಟ್ಟಿತ್ತು. ನ್ಯಾಯಸೂತ್ರಗಳಲ್ಲಿ 22 ನಿಗ್ರಹಸ್ಥಾನಗಳಿವೆ. ಅಂದರೆ ಚರ್ಚೆಯಲ್ಲಿ ಒಬ್ಬ ಸೋತ ಎಂದು ತೀರ್ಮಾನಿಸಬಹುದಾದ ಸಂದರ್ಭಗಳು. ಹೇಳಿದ್ದನ್ನೇ ಹೇಳುವ ‘ಪುನರುಕ್ತ’ ಅವುಗಳಲ್ಲಿ ಒಂದು. ‘ಅನನುಭಾಷಣ’ ಇನ್ನೊಂದು: ಎದುರಾಳಿ ಮೂರು ಸಲ ಹೇಳಿದ ಮೇಲೂ, ಸಭೆಗೆ ಅದು ಅರ್ಥವಾದ ಮೇಲೂ, ಆ ಮಾತನ್ನು ತಿರುಗಿ ಹೇಳಲಾಗದಿರುವುದು. ಉತ್ತರ ತಪ್ಪಾಗಿದ್ದಕ್ಕಲ್ಲ, ಪ್ರಶ್ನೆಯನ್ನು ಹಿಡಿದಿಡಲು ಆಗದ್ದಕ್ಕೇ ಸೋಲು! ಪುನರುಕ್ತದ ನಿಯಮಕ್ಕೆ ಸೂತ್ರಕಾರ ಒಂದು ವಿನಾಯಿತಿ ಕೊಟ್ಟಿದ್ದಾನೆ. ಪ್ರಯೋಜನವಿದ್ದು ತಿರುಗಿ ಹೇಳಿದರೆ ಅದು ದೋಷವಲ್ಲ, ಅದರ ಹೆಸರು ‘ಅನುವಾದ’. ಭಾಷೆಯಿಂದ ಭಾಷೆಗೆ ತರುವ ಕೆಲಸಕ್ಕೆ ಇವತ್ತು ಕನ್ನಡಿಗರು ಬಳಸುವ ಪದ ಇದೇ. ತನ್ನ ಮಾತನ್ನು ತಾನೇ ಮತ್ತೆ ಹೇಳಿದರೆ ದೋಷ. ಎದುರಾಳಿಯ ಮಾತನ್ನು ತಪ್ಪಿಲ್ಲದೆ ತಿರುಗಿ ಹೇಳುವುದು ಖಂಡನೆಯ ಮೊದಲ ಮೆಟ್ಟಿಲು.

ಇಂಥ ಪಾರಿಭಾಷಿಕ ಪದಗಳಿಗೆಲ್ಲ ಕೋಶ ಕಟ್ಟಿದವರು ವಿಜಯಪುರ ಜಿಲ್ಲೆಯ ಝಳಕಿಯ ಮನೆತನದ ಭೀಮಾಚಾರ್ಯ ಝಳಕೀಕರ್. 1874ರಲ್ಲಿ ಮೊದಲು ಬಂದ ಅವರ ‘ನ್ಯಾಯಕೋಶ’ವನ್ನು ವಾಸುದೇವಶಾಸ್ತ್ರಿ ಅಭ್ಯಂಕರರು ಪರಿಷ್ಕರಿಸಿ, 1928ರಲ್ಲಿ ಪುಣೆಯ ಭಂಡಾರಕರ್ ಸಂಸ್ಥೆ ಪ್ರಕಟಿಸಿತು.

ಆ ಮೆಟ್ಟಿಲು ಎಷ್ಟು ಗಟ್ಟಿಯಾಗಿರಬಹುದು ಎಂಬುದಕ್ಕೆ ಹಂಪಿಯ ವ್ಯಾಸತೀರ್ಥರೇ ಉದಾಹರಣೆ. 16ನೆಯ ಶತಮಾನದಲ್ಲಿ ಅವರು ‘ನ್ಯಾಯಾಮೃತ’ದಲ್ಲಿ ಅದ್ವೈತಿಗಳ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಅದಕ್ಕೆ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ಹೆಜ್ಜೆಹೆಜ್ಜೆಗೂ ಉತ್ತರ ಬರೆದರು. ಅದನ್ನು ವ್ಯಾಸ ರಾಮಾಚಾರ್ಯರ ‘ತರಂಗಿಣಿ’ ಖಂಡಿಸಿತು; ತರಂಗಿಣಿಗೆ ಗೌಡ ಬ್ರಹ್ಮಾನಂದರ ‘ಚಂದ್ರಿಕಾ’ ಉತ್ತರ ಕೊಟ್ಟಿತು. ಈ ಸರಪಳಿಯ ಯಾವ ಗ್ರಂಥವನ್ನೂ ಅದರ ಹಿಂದಿನದನ್ನು ಬಿಟ್ಟು ಓದಲಾಗದು. ಖಂಡನೆ ಎದುರಾಳಿಯನ್ನು ಅಳಿಸುವುದಿಲ್ಲ, ಉಳಿಸುತ್ತದೆ. ಚಾರ್ವಾಕರ ವಾದಗಳಲ್ಲಿ ಹೆಚ್ಚಿನವು ಇವತ್ತು ಸಿಗುವುದು ಅವರನ್ನು ವಿರೋಧಿಸಿದವರ ಪುಸ್ತಕಗಳಲ್ಲೇ.

ಶಾಸ್ತ್ರಾರ್ಥದಲ್ಲಿ ಸೋತರೆ ಹೋಗುವುದು ಹೆಸರು. ನ್ಯಾಯಾಲಯದಲ್ಲಿ ಸೋತರೆ ಹೊಲ, ಮನೆ, ಕೆಲವೊಮ್ಮೆ ಸ್ವಾತಂತ್ರ್ಯವೂ ಹೋಗುತ್ತದೆ. ಆದ್ದರಿಂದ ಅಲ್ಲಿಯ ನಿಯಮ ಇನ್ನೂ ಬಿಗಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಆಸ್ತಿ ಪಾಲಿನ ಗ್ರಂಥವೆಂದು ಎಲ್ಲರಿಗೂ ಗೊತ್ತು. ಅದರಲ್ಲಿ ಮೊಕದ್ದಮೆ ನಡೆಸುವ ಕ್ರಮವೂ ಇದೆ. ವ್ಯವಹಾರಕ್ಕೆ ನಾಲ್ಕು ಪಾದ: ದೂರು, ಉತ್ತರ, ಪುರಾವೆ, ತೀರ್ಪು. ಉತ್ತರದಲ್ಲಿ ನಾಲ್ಕು ಬಗೆ. ‘ನೂರು ವರಹ ಸಾಲ ಕೊಟ್ಟಿದ್ದೇನೆ’ ಎಂದು ಒಬ್ಬ ದೂರಿದ ಎನ್ನಿ. ‘ಹೌದು, ಕೊಡಬೇಕು’ ಎಂದರೆ ಅದು ಒಪ್ಪಿಗೆ. ‘ಇಲ್ಲ, ತೆಗೆದುಕೊಂಡೇ ಇಲ್ಲ’ ಎಂದರೆ ಮಿಥ್ಯೋತ್ತರ. ‘ತೆಗೆದುಕೊಂಡೆ, ತೀರಿಸಿಯೂ ಆಯಿತು’ ಎಂದರೆ ಕಾರಣೋತ್ತರ. ‘ಇದೇ ವಿಷಯದಲ್ಲಿ ಇವನು ಹಿಂದೆಯೇ ಸೋತಿದ್ದಾನೆ’ ಎಂದರೆ ಪ್ರಾಙ್ನ್ಯಾಯ.

ಈ ವಿಂಗಡಣೆ ಪಾಂಡಿತ್ಯಕ್ಕಾಗಿ ಮಾಡಿದ್ದಲ್ಲ. ಯಾವ ಉತ್ತರ ಕೊಟ್ಟರೆ ಪುರಾವೆಯ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಇದರ ಮೇಲೆ ನಿಂತಿದೆ. ಬರಿಯ ‘ಇಲ್ಲ’ಕ್ಕೆ ದೂರಿದವನೇ ಪುರಾವೆ ಕೊಡಬೇಕು. ‘ತೀರಿಸಿದೆ’ ಅಥವಾ ‘ಹಿಂದೆಯೇ ತೀರ್ಮಾನವಾಗಿದೆ’ ಎಂದವನು ತಾನೇ ಅದನ್ನು ಸಾಬೀತು ಮಾಡಬೇಕು. ಕೆಟ್ಟ ಉತ್ತರಗಳ ಪಟ್ಟಿಯನ್ನೂ ವಿಜ್ಞಾನೇಶ್ವರ ಕೊಡುತ್ತಾನೆ: ಸಂದಿಗ್ಧವಾದದ್ದು, ವಿಷಯ ಬಿಟ್ಟದ್ದು, ತೀರ ಚಿಕ್ಕದು, ಅತಿ ಉದ್ದದ್ದು, ದೂರಿನ ಒಂದು ತುಂಡಿಗೆ ಮಾತ್ರ ಉತ್ತರಿಸಿದ್ದು. ಟಿವಿ ಚರ್ಚೆಗಳನ್ನು ನೋಡಿದವರಿಗೆ ಈ ಪಟ್ಟಿಗೆ ಉದಾಹರಣೆ ಹುಡುಕುವ ಶ್ರಮವಿಲ್ಲ.

ಇಂದಿನ ಕಾನೂನೂ ಇದರಿಂದ ಬಹಳ ದೂರ ಹೋಗಿಲ್ಲ. ಪ್ರತಿವಾದಿ ಕೊಡುವ ಲಿಖಿತ ಉತ್ತರಕ್ಕೆ ಮಹಾರಾಷ್ಟ್ರದ ಕೋರ್ಟುಗಳಲ್ಲಿ ಕೈಫಿಯತ್ ಎನ್ನುತ್ತಾರೆ; ಕನ್ನಡ ಓದುಗರಿಗೆ ಮೆಕೆಂಜಿ ಸಂಗ್ರಹಿಸಿದ ಊರ ಚರಿತ್ರೆಗಳಿಂದ ಈ ಪದ ಪರಿಚಿತ. ನಡುವೆ ಬರುವ ಅರ್ಜಿಗಳಿಗೆ ಕೊಡುವ ಉತ್ತರಕ್ಕೆ ಅಲ್ಲಿ ಇನ್ನೂ ಸರಳವಾದ ಹೆಸರಿದೆ: ‘ಮ್ಹಣಣೆ’, ಅಂದರೆ ‘ಹೇಳುವುದು’. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೆಯ ಆದೇಶದ ಪ್ರಕಾರ ಪ್ರತಿವಾದಿ ಎಲ್ಲವನ್ನೂ ಒಟ್ಟಾಗಿ ಅಲ್ಲಗಳೆದರೆ ಸಾಲದು. ಒಂದೊಂದು ಆರೋಪವನ್ನೂ ಬಿಡಿಬಿಡಿಯಾಗಿ ಮುಟ್ಟಬೇಕು, ನುಣುಚಿಕೊಳ್ಳಬಾರದು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಸಾಮಾನ್ಯವಾಗಿ ಒಪ್ಪಿದಂತೆಯೇ ಎಣಿಸಲಾಗುತ್ತದೆ.

ಮೌನದ ಬೆಲೆ ಎಷ್ಟು ಎಂಬುದಕ್ಕೆ 2010ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕರ್ನಾಟಕದ ಒಂದು ಚೆಕ್ ಬೌನ್ಸ್ ಪ್ರಕರಣ ಸಾಕ್ಷಿ. ಮೊತ್ತ 45,000 ರೂಪಾಯಿ. ದೂರುದಾರ ಎಂಜಿನಿಯರ್, ಆರೋಪಿಯ ಮನೆ ಕಟ್ಟುವ ಕೆಲಸದ ಉಸ್ತುವಾರಿ ನೋಡಿದ್ದವರು. ಕೈಗಡದ ಹಣಕ್ಕೆ ಚೆಕ್ ಕೊಟ್ಟರು ಎಂಬುದು ಅವರ ದೂರು. ಚೆಕ್ ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಕೆಳಗಿನ ಕೋರ್ಟು ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷಿಸಿತು, ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಚೆಕ್ಕಿಗೆ ಸಹಿ ಇದ್ದರೆ ಸಾಲವಿದೆ ಎಂದು ಕಾನೂನು ಮೊದಲು ಊಹಿಸಿಕೊಳ್ಳುತ್ತದೆ. ಆ ಊಹೆಯನ್ನು ಮುರಿಯಲು ಆರೋಪಿ ಸಂಪೂರ್ಣ ರುಜುವಾತು ಕೊಡಬೇಕಿಲ್ಲ. ತನ್ನ ಮಾತು ನಂಬತಕ್ಕದ್ದು ಎಂದು ತೋರಿದರೆ ಸಾಕು, ದೂರುದಾರನ ದಾಖಲೆಗಳಿಂದಲೇ ಅದನ್ನು ತೋರಿಸಬಹುದು. ಬಾಗಿಲು ಅಷ್ಟು ತೆರೆದಿತ್ತು. ಆದರೆ ನೋಟಿಸು ಕೈಸೇರಿದಾಗ ಆರೋಪಿ ಉತ್ತರವನ್ನೇ ಕೊಟ್ಟಿರಲಿಲ್ಲ. ನ್ಯಾಯಾಲಯ ಅದನ್ನು ಅವರ ವಿರುದ್ಧವೇ ಎಣಿಸಿತು. ನೋಟಿಸು ಬಂದರೆ ಕಪಾಟಿನಲ್ಲಿಟ್ಟು ಸುಮ್ಮನಾಗುವವರು ಓದಬೇಕಾದ ತೀರ್ಪು ಇದು.

ಎರಡು ರಾಜ್ಯಗಳ ನಡುವೆಯೂ ಇದೇ ಲೆಕ್ಕ. ಗಡಿ ವಿವಾದಕ್ಕೆ 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು: 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಕರ್ನಾಟಕಕ್ಕೆ, ಬೆಳಗಾವಿ ಇದ್ದಲ್ಲೇ. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ‘ಮಹಾಜನ ವರದಿಯೇ ಅಂತಿಮ’ ಎಂಬುದು ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ವಿಜ್ಞಾನೇಶ್ವರನ ಲೆಕ್ಕದಲ್ಲಿ ಇದು ಪ್ರಾಙ್ನ್ಯಾಯ. ಅದನ್ನು ಹೇಳಿದವರೇ ಹೊರೆ ಹೊರಬೇಕು. ಆಯೋಗದ ಶಿಫಾರಸು ತೀರ್ಪಿಗೆ ಸಮವೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಎ. ಆರ್. ಅಂತುಳೆ ವರದಿಯ ವಿರುದ್ಧ ಪುಸ್ತಕವನ್ನೇ ಬರೆದರು. ಅದನ್ನು ಖಂಡಿಸಬೇಕೆನ್ನುವ ಕನ್ನಡಿಗ ಮೊದಲು ಅದನ್ನು ಓದಬೇಕು. ಅತ್ತ ಕಡೆಯವರಿಗೂ ಅಷ್ಟೇ: ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನದು ಎಂಬ ಕರ್ನಾಟಕದ ವಾದಕ್ಕೆ ಘೋಷಣೆ ಕೂಗಿದರೆ ಉತ್ತರವಾಗುವುದಿಲ್ಲ. ಬಸ್ಸಿನ ಫಲಕಕ್ಕೆ ಮಸಿ ಬಳಿಯುವುದು ಎರಡೂ ಕಡೆ ಖಂಡನೆಯಲ್ಲ, ಹಳೆಯ ಅರ್ಥದ ತಕರಾರು.

ರಾಜೀನಾಮೆ ಎಂದರೆ ಈಗ ಹುದ್ದೆ ಬಿಟ್ಟು ಹೋಗುವ ಪತ್ರ. ಮಜಲಿಸಿನಲ್ಲಿ ಅದು ಬಾಯಿ ತೆರೆಯುವ ಮುಂಚೆ ಬರೆಯುವ ಪತ್ರವಾಗಿತ್ತು: ಎದುರಿನವರ ಮಾತು ಗಟ್ಟಿಯೆಂದು ಸಾಬೀತಾದರೆ ಒಪ್ಪುತ್ತೇನೆ ಎಂಬ ಕರಾರು. ಅದಕ್ಕೆ ಸಹಿ ಹಾಕಿದವನಿಗೆ ಎದುರಾಳಿಯ ತಕರೀರನ್ನು ಗಮನವಿಟ್ಟು ಕೇಳದೆ ಗತಿಯಿರಲಿಲ್ಲ. ಸೋತರೆ ಯೇಜಿತಖತ ಬರೆಯಬೇಕಾದವನು ಅವನೇ.