ಗಾಲಿಯ ಮೇಲೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಕಟ್ಟಿದ ಮನೆಗೆ ಗಾಲಿ ಜೋಡಿಸಿ ನೋಡೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗಿರಲಿಲ್ಲ. ಕಮಾನುಗಾಡಿಯಲ್ಲಿ ಹುಲ್ಲು ಹರವಿ, ಅದರ ಮೇಲೆ ಜಮಖಾನ ಹಾಸಿ, ಬುತ್ತಿಯ ಗಂಟಿನೊಡನೆ ಹೊರಟರೆ ದಾರಿಯಲ್ಲಿ ಛತ್ರಗಳಿದ್ದುವು, ಛತ್ರವಿಲ್ಲದೆಡೆ ನೆಂಟರಿದ್ದರು.

ಇಂಗ್ಲೆಂಡಿನ ಕಥೆ ಬೇರೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು, ನೌಕಾಪಡೆಯ ಚಾಕರಿ ಮುಗಿಸಿದವರು, ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮನೆಗಾಡಿಯನ್ನು ಮಾಡಿಸಿದರು. ಹೊಟ್ಟೆಪಾಡಿಗಾಗಿ ಅಲೆಯುವ ಜಿಪ್ಸಿಗಳಿಗೆ ಇಂಥ ಗಾಡಿಗಳು ಮೊದಲೇ ಇದ್ದುವು; ಬರಿಯ ಸಂತೋಷಕ್ಕಾಗಿ ಮಾಡಿಸಿದವರಲ್ಲಿ ಇವರೇ ಮೊದಲಿಗರೆನ್ನುತ್ತಾರೆ. ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ಆಳೊಬ್ಬನು ಮೂರು ಗಾಲಿಯ ಸೈಕಲ್ ಏರಿ ಮುಂದೆ ಹೋಗಿ, ಎದುರು ಬರುವವರನ್ನು ಎಚ್ಚರಿಸುತ್ತಿದ್ದನಂತೆ. ಸಂಜೆ ಆರರ ಹೊತ್ತಿಗೆ ನಮ್ಮ ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಅಂಥವನೊಬ್ಬನನ್ನು ನಿಲ್ಲಿಸಿದರೆ ಪಾಪ, ಅವನು ಸೈಕಲ್ಲನ್ನು ಅಲ್ಲಿಯೇ ಬಿಟ್ಟು ಊರಿಗೆ ನಡೆದಾನು!

ಅಮೆರಿಕದ ವಾಲಿ ಬಯಮ್ ಎಂಬಾತನ ಕಥೆಯೇ ನನಗೆ ಹೆಚ್ಚು ಪ್ರಿಯ. ಅವನಿಗೆ ಡೇರೆ ಹೊಡೆದು ಕಾಡಿನಲ್ಲಿ ಮಲಗುವ ಹುಚ್ಚು. ಆತನ ಹೆಂಡತಿಗೋ ನೆಲದ ಮೇಲೆ ಮಲಗುವುದೆಂದರೆ ಆಗದು, ಒಲೆಯೂ ಜೊತೆಗೆ ಬೇಕು. ಅವಳ ಹಟಕ್ಕೆ ಸೋತು ಅವನು ಹಳೆಯ ಫೋರ್ಡ್ ಕಾರಿನ ಚೌಕಟ್ಟಿನ ಮೇಲೆ ಪುಟ್ಟ ಗೂಡೊಂದನ್ನು ಕಟ್ಟಿದನಂತೆ. ಅಲ್ಲಿಂದ ‘ಏರ್‌ಸ್ಟ್ರೀಮ್’ ಕಂಪನಿ ಹುಟ್ಟಿತು. 1936ರಲ್ಲಿ ಅದು ‘ಕ್ಲಿಪ್ಪರ್’ ಎಂಬ ಮನೆಗಾಡಿಯನ್ನು ಹೊರತಂದಿತು. ವಿಮಾನದಂತೆ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದ ಒಡಲು. ನಾಲ್ವರು ಮಲಗಲು ಸ್ಥಳ, ಸ್ವಂತ ನೀರು, ವಿದ್ಯುದ್ದೀಪ. ಬೆಲೆ 1,200 ಡಾಲರ್. ಯುದ್ಧ ಬಂದು ಅಲ್ಯೂಮಿನಿಯಮ್ಮೆಲ್ಲ ವಿಮಾನಗಳಿಗೆ ಮೀಸಲಾದಾಗ ಕಂಪನಿ ಬಾಗಿಲು ಹಾಕಿತು. ಬಯಮ್ ವಿಮಾನದ ಕಾರ್ಖಾನೆಗೆ ದುಡಿಯಲು ಹೋದನು, ಯುದ್ಧ ಮುಗಿದ ಮೇಲೆ ಮತ್ತೆ ಮನೆಗಾಡಿಗೇ ಮರಳಿದನು.

ಈ ಕೈಚಳಕ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬೆಳ್ಳಂದೂರು ಕೆರೆಯ ಉತ್ತರಕ್ಕೆ, 1940ರಲ್ಲಿ ಹುಟ್ಟಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಿದೆ. ಯುದ್ಧಾನಂತರ ವಿಮಾನದ ಕೆಲಸ ಇಳಿಮುಖವಾದಾಗ ಅಲ್ಲಿಯ ಕುಶಲಿಗರೂ ಬೇರೆ ಗಾಡಿಗಳತ್ತ ತಿರುಗಿದರು; ಆದರೆ ಅವರು ಮಾಡಿದ್ದು ರೈಲು ಬೋಗಿಗಳನ್ನು, ಬಸ್ಸಿನ ಒಡಲುಗಳನ್ನು. ಅಲ್ಲಿ ನಾಲ್ವರ ವಿಹಾರಕ್ಕೆ ಒದಗಿದ ವಿದ್ಯೆ ಇಲ್ಲಿ ಬೋಗಿ ತುಂಬ ಜನರನ್ನು ಹೊತ್ತೊಯ್ಯಲು ಒದಗಿತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಅದೇ ತಕ್ಕದ್ದಾಗಿತ್ತೆಂದು ನನ್ನ ಎಣಿಕೆ. ಚಲಿಸುವ ಮನೆಯ ಸುಖ ಅರಮನೆಯವರಿಗೆ ಮಾತ್ರ ಇತ್ತು. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನು ಇದೆ. ಅಡುಗೆಮನೆ, ಊಟದ ಕೋಣೆ, ಬಚ್ಚಲು ಎಲ್ಲವೂ ಉಂಟು.

ಆ ಬಚ್ಚಲನ್ನು ನಮ್ಮ ತಾಯಿ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅವರಿಗೀಗ 78. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ ಮಾಡಬೇಕೆಂಬ ಹಂಬಲ ಎಷ್ಟೋ ವರ್ಷದ್ದು. ಕರೆದಾಗಲೆಲ್ಲ “ಬರುವ ವರ್ಷ ನೋಡೋಣ” ಎನ್ನುವರು. ಮಂಡಿನೋವೊಂದೇ ಕಾರಣವಾಗಿರಲಿಲ್ಲ. ಪ್ರಯಾಣವೆಂದರೆ ಹಿಂದಿನ ಸಂಜೆಯಿಂದಲೇ ಅವರು ನೀರು ಕುಡಿಯುವುದನ್ನು ಬಿಡುತ್ತಿದ್ದರು. ದಾರಿಯಲ್ಲಿ ಎಲ್ಲಿಗೆ ಹೋಗುವುದೆಂಬ ಭಯ. ಹಿಂದೆ ಹಾಸನದಲ್ಲಿ ಸೋದರತ್ತೆಯ ಮನೆ, ಬೇಲೂರಿನಲ್ಲಿ ಚಿಕ್ಕಮ್ಮನ ಮನೆ ಇದ್ದುವು. ಕೈಕಾಲು ತೊಳೆದು, ಕಾಫಿ ಕುಡಿದು, ಒಂದು ಗಳಿಗೆ ಒರಗಿ ಎದ್ದು ಮುಂದೆ ಹೋಗಬಹುದಾಗಿತ್ತು. ಈಗ ಆ ಮನೆಗಳು ಪರರ ಪಾಲಾಗಿವೆ; ಅಲ್ಲಿದ್ದವರ ಮಕ್ಕಳೂ ನಮ್ಮಂತೆಯೇ ಬೆಂಗಳೂರಿನ ಯಾವುದೋ ಅಂತಸ್ತಿನಲ್ಲಿ ಬೀಗ ಹಾಕಿಕೊಂಡಿದ್ದಾರೆ.

ನೆರೆಯ ಕೇರಳವು 2021ರಲ್ಲಿ ಈ ‘ಕ್ಯಾರವಾನ್’ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಇವು ಬಾಡಿಗೆಗೆ ದೊರೆಯುತ್ತವೆ. ದರವನ್ನು ಕೇಳಿ ನನ್ನಾಕೆ ಹುಬ್ಬೇರಿಸಿದಳಾದರೂ ಬೇಡವೆನ್ನಲಿಲ್ಲ. ಗಾಡಿ ಬಂದು ನಿಂತಾಗ ತಾಯಿ ಹಾಸಿಗೆಯನ್ನೂ ಟೆಲಿವಿಷನ್ನನ್ನೂ ಕಣ್ಣೆತ್ತಿ ನೋಡಲಿಲ್ಲ. ಮೂಲೆಯಲ್ಲಿ ಬೀರುವಿನಷ್ಟಗಲದ ಕೋಣೆಯನ್ನು ಹೊಕ್ಕು, ಒಳಗಿನಿಂದ ಅಗುಳಿ ಹಾಕಿ, ನಲ್ಲಿ ತಿರುಗಿಸಿ ನೋಡಿ ಹೊರಬಂದರು.

“ಅಗುಳಿ ಗಟ್ಟಿಯಾಗಿದೆ ಕಣೋ” ಎಂದರು. ಅನಂತರ ಒಂದು ದೊಡ್ಡ ಲೋಟ ಕಾಫಿ ಕೇಳಿದರು.

ಹಿರೀಸಾವೆಯ ಬಳಿ ಉಪಾಹಾರಕ್ಕೆಂದು ನಿಲ್ಲಿಸಿದೆವು. ಪಕ್ಕದಲ್ಲಿ ಧರ್ಮಸ್ಥಳಕ್ಕೆ ಹೊರಟ ಹೆಂಗಸರ ಟೆಂಪೊ ಒಂದು ನಿಂತಿತ್ತು. ಅವರಲ್ಲೊಬ್ಬ ತುಂಬು ಬಸುರಿ ನಮ್ಮ ಗಾಡಿಯ ಕಿಟಕಿಯತ್ತ ಬಂದು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ, “ಅಜ್ಜೀ, ಒಳಗೆ ಬಚ್ಚಲು ಐತಾ?” ಎಂದು ಕೇಳಿದಳು.

“ಇದೆ ಬಾ ತಾಯಿ, ಮೆಲ್ಲಗೆ ಹತ್ತು” ಎಂದು ಅಮ್ಮ ತಾವೇ ಕೈ ನೀಡಿದರು.

ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತಿಬ್ಬರು. ನೋಡುತ್ತಿರುವಂತೆ ಬಾಗಿಲಲ್ಲಿ ಸಾಲೇ ಬೆಳೆಯಿತು. ಅಮ್ಮ ಒಬ್ಬೊಬ್ಬರ ಊರು, ಮನೆತನ ವಿಚಾರಿಸುತ್ತ ಮೆಟ್ಟಿಲ ಬಳಿಯಲ್ಲೇ ಕುಳಿತರು. ಚಾಲಕ ನನ್ನ ಕಿವಿಯ ಬಳಿ ಬಂದು, “ಸಾರ್, ಟ್ಯಾಂಕಿನ ನೀರು ಹಾಸನದವರೆಗೂ ಬರೋದಿಲ್ಲ” ಎಂದ. ಇಬ್ಬರೂ ಕೊಡಪಾನ ಹುಡುಕಿಕೊಂಡು ಹೋಟೆಲಿನ ಹಿತ್ತಲ ನಲ್ಲಿಯ ಕಡೆಗೆ ಹೊರಟೆವು.