ಕೊಬ್ಬರಿ ದರ ಮತ್ತು ಕೊನೆಯ ಡಬ್ಬಿ

ಹಳೇಬೀಡು ಎಂದರೆ ಹೊರಗಿನವರಿಗೆ ಹೊಯ್ಸಳೇಶ್ವರ ದೇವಸ್ಥಾನ. ತೆಂಗು ನಂಬಿದ ನಮ್ಮಂಥವರಿಗೆ ಅಟ್ಟದ ಮೇಲಿನ ಕಾಯಿಯೂ ಹೌದು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಆ ವರ್ಷದ ದುಡಿಮೆಯ ಬೆಲೆ ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ಒಂದೇ ದಿನ ತೀರ್ಮಾನವಾಗುತ್ತದೆ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ದರ ಹಾಕುವ ಕೆಲಸ, ಪತ್ರಿಕೋದ್ಯಮ ಓದಿದ್ದಾನೆ ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಇದಕ್ಕೆ ನಾನು ಬಳಸುವುದು ನೋಡ್-ರೆಡ್. 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ, ಈಗ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಎಡಗಡೆ ಬಣ್ಣಬಣ್ಣದ ಡಬ್ಬಿಗಳ ಸಾಲು, ನಡುವೆ ಖಾಲಿ ಹಾಳೆ. ಬೇಕಾದ ಡಬ್ಬಿ ಎಳೆದು ತಂದು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಕೆಲಸದ ದಾರಿ ಸಿದ್ಧ. ‘ಇಂಜೆಕ್ಟ್’ ಹೊತ್ತಿಗೆ ಸರಿಯಾಗಿ ಚಾಲನೆ ಕೊಡುತ್ತದೆ. ‘ಎಚ್‌ಟಿಟಿಪಿ ರಿಕ್ವೆಸ್ಟ್’ ಸರ್ಕಾರದ ಮುಕ್ತ ದತ್ತಾಂಶ ತಾಣದಿಂದ ದರ ತರುತ್ತದೆ. ‘ಫಂಕ್ಷನ್’ ಅದನ್ನು ಕನ್ನಡ ವಾಕ್ಯ ಮಾಡುತ್ತದೆ. ‘ಡೀಬಗ್’ ಬಲಗಡೆ ತೋರಿಸುತ್ತದೆ.

ಸೇರಿಸುವುದು ಸುಲಭ, ತಿದ್ದುವುದರಲ್ಲೇ ಪತ್ರಿಕೋದ್ಯಮ ಇರುವುದು. ಡಬ್ಬಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಒಳಗು ತೆರೆಯುತ್ತದೆ. ಬದಲಾಯಿಸಿ ಮುಚ್ಚಿದರೆ ಅದರ ಮೇಲೊಂದು ನೀಲಿ ಚುಕ್ಕೆ. ‘ಡಿಪ್ಲಾಯ್’ ಒತ್ತುವವರೆಗೆ ಬದಲಾವಣೆ ಜಾರಿಗೆ ಬರುವುದಿಲ್ಲ.

ತಾಣ ಕೊಡುವುದು ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆ. ಗರಿಷ್ಠ ಕಣ್ಣಿಗೆ ಚೆಂದ, ಆದರೆ ಅದು ಸಿಗುವುದು ಒಂದೆರಡು ಒಳ್ಳೆಯ ಲಾಟಿಗೆ ಮಾತ್ರ ಇರಬಹುದು. ಹಾಗಾಗಿ ‘ಫಂಕ್ಷನ್’ ತಿದ್ದಿ ಮಾದರಿ ಬೆಲೆಯನ್ನು ಮೊದಲಿಗೆ ತಂದೆ, ಜೊತೆಗೆ ದರದ ತಾರೀಕು ಸೇರಿಸಿದೆ. ವಹಿವಾಟಿಲ್ಲದ ದಿನ ದತ್ತಾಂಶ ಖಾಲಿ. ಅದಕ್ಕೆ ‘ಸ್ವಿಚ್’ ಡಬ್ಬಿಯೊಂದನ್ನು ಗೆರೆಯ ಮೇಲೆಯೇ ತಂದು ಬಿಟ್ಟೆ. ಗೆರೆ ತಾನೇ ತುಂಡಾಗಿ ಎರಡೂ ಬದಿ ಕೂಡಿಕೊಂಡಿತು. ಸ್ವಿಚ್‌ನ ಎರಡನೇ ಬಾಯಿಯಿಂದ ಹೊರಡುವ ದಾರಿ ಹೇಳುವುದು ಇಷ್ಟೇ: ‘ಇವತ್ತಿನ ದರ ಬಂದಿಲ್ಲ’.

ಗುಂಪಿಗೆ ತಾನಾಗಿ ಕಳಿಸುವ ಡಬ್ಬಿಯನ್ನೂ ಹಾಕು ಎಂದು ಗೆಳೆಯರು ಹೇಳುತ್ತಾರೆ. ಹಾಕಿಲ್ಲ. ತುಂಬಲೇಬೇಕಾದ ಜಾಗ ಖಾಲಿ ಬಿಟ್ಟರೆ ಡಬ್ಬಿ ಕೆಂಪು ತ್ರಿಕೋನ ತೋರಿಸುತ್ತದೆ. ಬಂದ ದರವೇ ತಪ್ಪಾಗಿದ್ದರೆ ಯಾವ ತ್ರಿಕೋನವೂ ಏಳುವುದಿಲ್ಲ. ಆದ್ದರಿಂದ ಪರದೆಯ ಮೇಲೆ ಓದುತ್ತೇನೆ, ಮಂಡಿಗೆ ಒಂದು ಫೋನ್ ಮಾಡುತ್ತೇನೆ, ಆಮೇಲೆ ಕೈಯಾರೆ ಹಾಕುತ್ತೇನೆ. ಐದು ನಿಮಿಷ ತಡವಾಗುತ್ತದೆ. ಆಗಲಿ. ಆ ಕಡೆ ಯಾರೋ ಒಬ್ಬರು ಮಗಳ ಫೀಸಿಗೆಂದು ಚೀಲ ಹೊಲಿದಿಟ್ಟು, ಗಾಡಿ ಕರೆಸಲೋ ಬೇಡವೋ ಎಂದು ಆ ಒಂದು ಸಾಲಿಗೇ ಕಾಯುತ್ತಿರುತ್ತಾರೆ.